ಕಳೆದುಹೋದ ಮೈನಸ್

ಅಕ್ಷರಪಟದ ಕೆಳಗಿನ ಸಾಲು ಈ ಅಜ್ಜನ ಕಣ್ಣಿಗೆ ಬಿದ್ದಂತಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿದೆ, ಊಹೆ ಹೊಡೆಯುತ್ತಿದ್ದಾರೆ — ಮೊದಲನೆಯದಾ, ಎರಡನೆಯದಾ, ಗಾಜು ಬದಲಿಸುತ್ತಾ ಕೇಳಿದಳು ಅವಳು, ಹನ್ನೊಂದು ವರ್ಷದಿಂದ ಈ ಕನ್ನಡಕದಂಗಡಿಯಲ್ಲಿ ದಿನಕ್ಕೆ ನೂರು ಸಲ ಇದೇ ಪ್ರಶ್ನೆ, ಇವತ್ತು ಯಾರಾದರೂ ತನ್ನನ್ನೇ ಕೇಳಿದರೆ ತಬ್ಬಿಬ್ಬು, ಎರಡು ಆನ್‌ಲೈನ್ ಕೋರ್ಸುಗಳಲ್ಲಿ ಒಂದಕ್ಕೆ ಐದು ಗಂಟೆಯೊಳಗೆ ಸೇರಬೇಕು, ಆಮೇಲೆ ಎರಡೂ ಕಡೆ ಬಾಗಿಲು ಬಂದ್, ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ನಾಲ್ಕೇ ತಿಂಗಳು, ಈ ಸಲ ಬಿಟ್ಟರೆ ತಾನಿನ್ನು ಪುಸ್ತಕ ಮುಟ್ಟುವವಳಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತು. ಎರಡೂ ಒಂದೇ ಥರ ಇದೆಯಮ್ಮ, ಅಂದರು ಅಜ್ಜ. ಪರವಾಗಿಲ್ಲ, ಆತುರವಿಲ್ಲ, ಅಂದಳು — ಯಾರಿಗೆ ಆತುರವಿಲ್ಲ, ಗೋಡೆಯಲ್ಲಿ ನಾಲ್ಕೂಕಾಲು, ಗಾಜು ಒರೆಸಿದರೆ ಮತ್ತೆ ಆ ಚಿಕ್ಕ ಕೋರ್ಸಿನ ಮೇಷ್ಟ್ರ ಶರ್ಟಿನ ತೋಳೇ ಕಣ್ಣ ಮುಂದೆ, ಕಪ್ಪು ತೋಳಿಗೆ ಬಿಳೀ ಪುಡಿ. ಅಕ್ಕನದು ಒಂದೇ ರಾಗ, ದೊಡ್ಡದಕ್ಕೇ ಸೇರೇ, ಲಕ್ಷ ಜನ ಸೇರಿದಾರಂತೆ, ಅವರಿಗೆಲ್ಲ ತಲೆ ಕೆಟ್ಟಿದೆಯಾ — ಅಕ್ಕ ಫ್ರಿಜ್ ತಂದದ್ದೂ ಹೀಗೇ, ಅಂಗಡಿಯಲ್ಲೇ ಎಲ್ಲಕ್ಕಿಂತ ದೊಡ್ಡದು, ಅಡುಗೆಮನೆ ಬಾಗಿಲಲ್ಲಿ ತೂರದೆ ಈಗ ಹಾಲ್‌ನಲ್ಲಿ ನೆಂಟರ ಹಾಗೆ ನಿಂತಿದೆ. ಆ ದೊಡ್ಡ ಕೋರ್ಸಿನ ಡೆಮೊ ಕ್ಲಾಸು ನೋಡಿದ್ದಾಯಿತು, ಪಾಠ ಮಾಡುವವರು ಸಿನಿಮಾ ಹೀರೋ ಥರ, ಹಿಂದೆ ಬಣ್ಣಬಣ್ಣದ ಗ್ರಹಗಳು ಗಿರಗಿರ, ಸಂಕೋಚ ಬಿಟ್ಟು ಚಾಟ್‌ನಲ್ಲಿ ಒಂದು ಡೌಟು ಬರೆದಳು, ಸಾವಿರ ಹಾರ್ಟುಗಳ ಕೆಳಗೆ ಅದು ಹೂತೇಹೋಯಿತು, ಉತ್ತರ ಬಂತು, ಬಾರದೇನು, ನಿಮ್ಮ ಆಸಕ್ತಿಗೆ ಧನ್ಯವಾದ ಅಂತ. ನಗು ಬಂತು, ಜೊತೆಗೆ ಕಿವಿಯೂ ಬಿಸಿಯಾಯಿತು, ಡಿಗ್ರಿ ಕೊನೇ ವರ್ಷದಲ್ಲಿ ಆದ ಹಾಗೆ, ಎದ್ದು ನಿಂತು ಕೇಳಿದ್ದಳು, ಇಷ್ಟೂ ಗೊತ್ತಿಲ್ಲವಾ ಅಂದಿದ್ದರು ಲೆಕ್ಚರರ್, ಕ್ಲಾಸೇ ಗೊಳ್ಳೆಂದಿತ್ತು, ಅವತ್ತು ಕೂತವಳು ಯಾವ ಕ್ಲಾಸಿನಲ್ಲೂ ಮತ್ತೆ ಎದ್ದು ನಿಲ್ಲಲಿಲ್ಲ.

ಇನ್ನೊಂದು ಕೋರ್ಸು ನಲವತ್ತೇ ಜನರದ್ದು, ಅದರ ಡೆಮೊದಲ್ಲಿ ಯಾರದೋ ಮನೆಯ ರೂಮು, ಕಿಟಕಿಗೆ ಒಣಹಾಕಿದ ಟವೆಲ್, ಕಪ್ಪು ಶರ್ಟಿನ ಮೇಷ್ಟ್ರು ಸೀಮೆಸುಣ್ಣ ಹಿಡಿದು ಲೆನ್ಸಿನ ಲೆಕ್ಕ ಬಿಡಿಸುತ್ತಿದ್ದಾರೆ, ಮೂರನೇ ಸಾಲಿಗೆ ಬರುವಷ್ಟರಲ್ಲಿ ಮೈನಸ್ ಮಂಗಮಾಯ — ಮೈನಸ್ ಎರಡು, ಮೈನಸ್ ಮೂರು ಅಂತ ಕನ್ನಡಕದ ನಂಬರಿನ ಚೀಟಿ ಬರೆದು ಬರೆದು ಕೈ ಸವೆಸಿದವಳ ಕಣ್ಣಿಗೆ ಅದು ತಪ್ಪೀತೇ, ಬರೆದಳು, ಅಳಿಸಿದಳು, ಮತ್ತೆ ಬರೆದಳು, ಸಾರ್ ಮೈನಸ್ ಬಿಟ್ಟುಹೋಗಿದೆಯಾ, ಕಳಿಸಿಬಿಟ್ಟು ಕಣ್ಣು ಮುಚ್ಚಿಕೊಂಡಳು. ಮೇಷ್ಟ್ರು ನಿಂತರು, ಬೋರ್ಡು ನೋಡಿದರು, ಹೌದಲ್ಲ, ತಪ್ಪಿದ್ದು ನಾನೇ, ನೀವು ಕೇಳದೇ ಇದ್ದಿದ್ದರೆ ನಲವತ್ತು ಜನರನ್ನೂ ಹಳ್ಳಕ್ಕೆ ಬೀಳಿಸ್ತಿದ್ದೆ — ಡಸ್ಟರ್ ಕೈಗೆ ಸಿಗದೆ ತೋಳಿನಿಂದಲೇ ಒರೆಸಿದರು. ಅಕ್ಕನಿಗೆ ಹೇಳಿದರೆ ಮುಗಿಯಿತು, ಲೆಕ್ಕ ತಪ್ಪುವವರ ಹತ್ತಿರ ಕಲೀತೀಯೇನೇ ಅನ್ನುತ್ತಾಳೆ, ಅನ್ನಲಿ — ಅಜ್ಜ, ನಿಧಾನವಾಗಿ ನೋಡಿ, ಮೊದಲನೆಯದಾ, ಎರಡನೆಯದಾ. ಮೊದಲನೆಯದರಲ್ಲಿ ಅಕ್ಷರ ದೊಡ್ಡದಮ್ಮ, ಓದೋಕಾಗಲ್ಲ ಅಷ್ಟೇ. ಹಾಗಾದರೆ ಯಾವುದು, ಅಂದಳು. ಎರಡನೆಯದೇ, ಇದಕ್ಕೆ ಇಷ್ಟು ಹೊತ್ತಾ ಅಂದರು ಅಜ್ಜ, ಅವಳಿಗೆ ನಗು ತಡೆಯಲಾಗಲಿಲ್ಲ, ಒಂದೇ ನಿಮಿಷ ಅಜ್ಜ, ಜೇಬಿನಿಂದ ಫೋನ್ ತೆಗೆದಳು, ನಲವತ್ತು ಜನರ ಕೋರ್ಸಿಗೆ ಹೆಸರು ಬರೆದಳು, ಒತ್ತಿದಳು, ಆಯಿತು, ಇನ್ನು ಅಜ್ಜನ ಚೀಟಿ ಬರೆಯಬೇಕು, ಪೆನ್ನು ಹಿಡಿದಿದ್ದಾಳೆ, ಬರೆಯಲಾಗುತ್ತಿಲ್ಲ — ತಪ್ಪಿದ್ದು ನಾನೇ ಅಂದ ಆ ಮೇಷ್ಟ್ರೇ ಕಣ್ಣ ಮುಂದೆ, ಕಪ್ಪು ತೋಳು, ಮೊಣಕೈವರೆಗೂ ಬಿಳೀ ಪುಡಿ, ಕಪ್ಪು ತೋಳಿಗೆ ಬಿಳೀ ಪುಡಿ.