ಎಡಕ್ಕಾ, ಬುದ್ದಿ?

ಬೆಳಿಗ್ಗೆ ಎಂಟೂವರೆ. ಪಟೇಲ್ ಪಂಚಾಕ್ಷರಯ್ಯನವರು ತಮ್ಮಯ್ಯನ ಹೆಗಲ ಮೇಲೆ ಕೂತು ರಾಮನಾಥಪುರದ ಹೊಳೆ ದಾಟುತ್ತಿದ್ದರು.

"ನೆಟ್ಟಗೆ ನಡಿಯೋ ಬೋಳಿಮಗನೆ. ಹೆಂಡ್ರು ಕಳ್ಳಿ, ಗಂಡ ಕುಡುಕ."

ಅದು ೧೯೫೮ರ ಮಾಘ. ಹೊಳೆ ಇಳಿದಿತ್ತು. ಆಚೆ ದಡದಲ್ಲಿ ಹೊಗೆಸೊಪ್ಪಿನ ವ್ಯಾಪಾರಿ ಕಾಯುತ್ತಿದ್ದ. ತಮ್ಮಯ್ಯನ ಕೇರಿಯವರು ಪಟೇಲರನ್ನು ನೆಲದ ಮೇಲೆ ಮುಟ್ಟುವಂತಿರಲಿಲ್ಲ. ಹರಿಯುವ ನೀರಿಗೆ ಮೈಲಿಗೆಯಿಲ್ಲವೆಂದು ಪಟೇಲರೇ ತೀರ್ಮಾನಿಸಿದ್ದರಿಂದ, ನೀರೊಳಗಿನ ಬಂಡೆಯಿಂದ ಹೆಗಲೇರುತ್ತಿದ್ದರು. ಅವರ ತೀರ್ಮಾನ ತಪ್ಪಿದ್ದೇ ಇಲ್ಲ.

ಹಿಂದಿನ ವಾರ ಅವರ ಬೆಳ್ಳಿ ಚೆಂಬು ಕಾಣೆಯಾಗಿತ್ತು. ಅವರ ಕೊಟ್ಟಿಗೆಯಲ್ಲಿ ಸೊಪ್ಪು ವಿಂಗಡಿಸುತ್ತಿದ್ದ ತಮ್ಮಯ್ಯನ ಹೆಂಡತಿ ದ್ಯಾವಮ್ಮನೇ ಕದ್ದಳೆಂದು ಕೆಲಸ ಬಿಡಿಸಿದ್ದರು. ಆಮೇಲೆ ಚೆಂಬು ಅವರದೇ ಅಟ್ಟದಲ್ಲಿ ಸಿಕ್ಕಿತು. "ನಾನು ಕಳ್ಳಿ ಅಂದಿದ್ಕೆ ಎದರ್ಕೊಂಡು ತಂದಿಟ್ಟವ್ಳೆ" ಎಂದರು. ಅಟ್ಟದ ಬೀಗದ ಕೈ ಅವರ ಉಡಿದಾರದಲ್ಲೇ ಇತ್ತು. ದ್ಯಾವಮ್ಮ ಕಳ್ಳಿಯಾಗಿಯೇ ಉಳಿದಳು.

ನಡುಹೊಳೆಯಲ್ಲಿ ಪಟೇಲರು ಮಡಿಸಿದ ಕೊಡೆ ಚಾಚಿದರು. "ಎಡಕ್ಕೋಗ್ಲಾ. ಅತ್ಲಾಗೆ ಮಳಲೈತೆ."

"ಅಲ್ಲಿ ಮಡು ಐತೆ, ಬುದ್ದಿ."

"ನನ್ ಮಾತು ಯಾವತ್ತಾರ ತಪ್ಪೋಗೈತೇನ್ಲಾ?"

ತಮ್ಮಯ್ಯ ಕೊಂಚ ಯೋಚಿಸಿದ. "ಇಲ್ಲ, ಬುದ್ದಿ" ಎಂದು ಎಡಕ್ಕೆ ತಿರುಗಿದ.

ನೀರು ಅವನ ಸೊಂಟಕ್ಕೆ ಬಂತು. ಪಟೇಲರ ಪಾದ ನೆನೆಯಿತು. ಎದೆಗೆ ಬಂತು, ಪಂಚೆ ನೆನೆಯಿತು. ಪಟೇಲರು ಅವನ ಜುಟ್ಟು ಹಿಡಿದರು.

"ಬಲಕ್ಕೆ ತಿರುಗ್ಲಾ, ಸೂಳೆಮಗನೆ."

"ಎಡ ಅಂದಿದ್ದು ತಪ್ಪಾ, ಬುದ್ದಿ? ಅಂಗನ್ನಿ, ತಿರುಗ್ತೀನಿ. ಒಂದು ತಪ್ಪಾದ್ರೆ ಚೆಂಬಿನ ಮಾತೂ ತಪ್ಪಿರ್ಬೌದು."

ಪಟೇಲರು ಕೊಡೆ ನೆನೆಯದಂತೆ ಮೇಲೆತ್ತಿ ಹಿಡಿದರು. ತಮ್ಮಯ್ಯ ಇನ್ನೊಂದು ಹೆಜ್ಜೆ ಇಟ್ಟ. ನೀರು ಕುತ್ತಿಗೆಗೆ ಬಂತು.

ಆಚೆ ದಡದಿಂದ ವ್ಯಾಪಾರಿ ಕೂಗಿದ: "ಅತ್ಲಾಗೆ ಯಾಕೆ ಓದ್ರಿ, ಪಟೇಲ್ರೇ?"

ಪಟೇಲರು ಹಲ್ಲು ಕಟಕಟಿಸುತ್ತ ಕೂಗಿದರು: "ಮಾಘಸ್ನಾನ ಕಣಯ್ಯ."

"ಅಂಗಾದ್ರೆ ಮುಳುಗ್ಬೇಕು, ಬುದ್ದಿ" ಎಂದ ತಮ್ಮಯ್ಯ ಉಸಿರು ಹಿಡಿದು ಕುಕ್ಕರಗಾಲಲ್ಲಿ ಕೂತ. ನೀರಿನ ಮೇಲೆ ಕೊಡೆಯೊಂದೇ ಉಳಿಯಿತು.

ಸಂಜೆ ಪಟೇಲರನ್ನು ವಾಪಸು ಹೊರಲು ತಮ್ಮಯ್ಯ ಬರಲಿಲ್ಲ. ಬಂದ ಆಳುಗಳೆಲ್ಲ ಕೈ ಕಟ್ಟಿ, ತಲೆ ಬಗ್ಗಿಸಿ ಕೇಳಿದ್ದು ಒಂದೇ: "ಎಡಕ್ಕಾ, ಬುದ್ದಿ?" ಪಟೇಲರು ದೂರದ ಸೇತುವೆಯ ಸುತ್ತುದಾರಿ ಹಿಡಿದು ನಡೆದೇ ಊರು ಸೇರಿದರು.

ಮರುದಿನ ದ್ಯಾವಮ್ಮ ಯಾರೂ ಕರೆಯದೆ ಕೊಟ್ಟಿಗೆಗೆ ಹೋಗಿ ಸೊಪ್ಪಿನ ರಾಶಿಯ ಮುಂದೆ ಕೂತಳು. ಇವಳನ್ನು ಯಾರು ಕರೆದರೆಂದು ಪಾರುಪತ್ಯಗಾರ ಈಶ್ವರಯ್ಯ ಗದರಿದ.

ಪಟೇಲರು ಒಂದು ಸಲ ಸೀನಿದರು. "ನಾನೇ ಬರೇಳಿದ್ದೆ" ಎಂದರು.