ಗೋಲ್ಕೊಂಡದ ಕಾಲುನೋವು

ಸಿಕಂದರಾಬಾದಿನ ಇಂಗ್ಲಿಷರ ಚರ್ಚು, ಸುಲ್ತಾನ್ ಬಜಾರಿನ ಪಕ್ಕದ ಹಳೆಯ ಬ್ರಿಟಿಷ್ ರೆಸಿಡೆನ್ಸಿ ಬಂಗಲೆ ತೋರಿಸಿ ಗೋಲ್ಕೊಂಡ ಕೋಟೆ ಮುಟ್ಟುವಷ್ಟರಲ್ಲಿ ಗೈಡ್ ಹನುಮಂತನ ಮೊಣಕಾಲು ಸೋತುಹೋಗಿತ್ತು. ಗೈಡ್ ಕೆಳಗೇ ಉಳಿದನೆಂದು ಇನ್ನೊಂದು ದೂರು ಬಂದರೆ ಕೆಲಸದಿಂದ ತೆಗೆಯುತ್ತೇನೆಂದು ಬಸ್ಸಿನ ಮಾಲೀಕ ಹೇಳಿಬಿಟ್ಟಿದ್ದ. ಎದುರಿಗೆ ಮುನ್ನೂರಕ್ಕೂ ಮೀರಿದ ಮೆಟ್ಟಿಲು. ಹನುಮಂತ ಗೋಡೆ ಹಿಡಿದು ನಿಂತ.

ಬೆಳಗಿನಿಂದ ಅವನೊಡನೆ ಹಿಂದಿಯಲ್ಲೇ ಮಾತಾಡಿದ್ದ ಯಾತ್ರಿಕರಲ್ಲಿ ಕೃಷ್ಣಾಬಾಯಿಯೂ ಒಬ್ಬರು. ಇವನಿಗೆಲ್ಲಿ ತಿಳಿದೀತೆಂದು ಸೊಸೆಗೆ ಕನ್ನಡದಲ್ಲಿ ಗಟ್ಟಿಯಾಗಿಯೇ ಅಂದರು: “ಈ ಗೈಡಗ ಹತ್ತಾಕ ಆಗಂಗಿಲ್ಲ ನಲಿನಿ. ಹೇಳಾಕ ನಾಚಿಕಿ ಅವಗ. ನನಗ ಕಾಲುನೋವು ಅಂತೀನಿ.”

“ನಿನ್ನಿ ಮೂರ್ ಮಾಳಿಗಿ ಓಡಿ ಹತ್ತಿದ್ರಲ್ರಿ ಅತ್ತಿ!”

“ನೀ ಬಾಯಿ ಮುಚ್ಚು.”

ಆಮೇಲೆ ಹಿಂದಿಯಲ್ಲಿ, ತಾನು ಹತ್ತಲಾರೆ, ಗೈಡ್ ತನ್ನ ಜೊತೆ ಇರಲಿ ಎಂದು ಎಲ್ಲರಿಗೂ ಕೇಳುವಂತೆ ನರಳಿದರು. ಯಾರೂ ತಕರಾರು ಮಾಡಲಿಲ್ಲ. ನಲಿನಿಯೇ ಮುಂದಾಗಿ ಉಳಿದವರನ್ನು ಹತ್ತಿಸಿಕೊಂಡು ಹೋದಳು.

ಹನುಮಂತನ ಮನೆಮಾತು ಕನ್ನಡ. ಹೊರಗೆ ಹಿಂದಿ ಆಡಿ ಆಡಿ ಅದನ್ನು ಯಾರಿಗೂ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಮುದುಕಿಯ ಪಕ್ಕದ ಕಲ್ಲಿನ ಮೇಲೆ ಕುಳಿತು ಮೆಲ್ಲಗೆ ಕಾಲು ಚಾಚಿದ.

“ಅವರು ಇಳಿದು ಬರೂತನಕ ನಿಮ್ಮ ಕಾಲುನೋವು ಕಡಿಮಿ ಆಗಬಾರದ್ರಿ ಅವ್ವಾ,” ಅಂದ.

ಕೃಷ್ಣಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು.