ಆಯುಧಪೂಜೆಗೆ ಬಂದ ಬಟನ್ ಚಾಕು

ಹಬ್ಬಕ್ಕೆ ಬರುವ ನೆಂಟರನ್ನಾದರೂ ಹೇಗೋ ಸುಧಾರಿಸಬಹುದು, ಅವರು ತರುವ ಉಡುಗೊರೆಯನ್ನು ಸುಧಾರಿಸುವುದು ಕಷ್ಟ. ಲಂಡನ್ನಿನ ಕೆಂಟನ್‌ನಲ್ಲಿರುವ ಕಲ್ಯಾಣಿಗೆ ಅಣ್ಣ ಉದಯಶಂಕರ್ ಕೈಯಲ್ಲಿ ಪೊಟ್ಟಣ ಹಿಡಿದು ಬಂದನೆಂದರೆ ಸಾಕು, ತಲೆನೋವು ಶುರು. ಹೋದ ವರ್ಷ ಒಂದು ದೊಡ್ಡ ಹಿತ್ತಾಳೆ ಗಂಟೆ ತಂದಿದ್ದ. ಅದನ್ನು ಒಂದೇ ಸಲ ಬಾರಿಸಿದ್ದಕ್ಕೆ ಪಕ್ಕದ ಮನೆಯ ಮುದುಕ ಕೌನ್ಸಿಲ್‌ಗೆ ದೂರು ಕೊಟ್ಟ.

ಈ ಸಲ ಆಯುಧಪೂಜೆ ಕೆಲಸದ ದಿನವೇ ಬಂದಿತ್ತು. ಗಂಡ ಮಧುಸೂದನ್ ಆಫೀಸಿಗೆ ಹೋಗಿದ್ದ. ಮಗಳು ಸಿರಿಶಾ ಡ್ಯೂಟಿಯಲ್ಲಿದ್ದಳು. ಬ್ಯಾಂಕಿನ ಕೆಲಸ ಬಿಟ್ಟು ಪೊಲೀಸ್ ಸೇರಿದ ಹುಡುಗಿ. ಇನ್ನೂ ಪ್ರೊಬೇಷನ್ ಮುಗಿದಿಲ್ಲ. ಮಧ್ಯಾಹ್ನ ಅವಳು ಬಂದ ಮೇಲೆ ಮಂಗಳಾರತಿ ಎಂದುಕೊಂಡು ಕಲ್ಯಾಣಿ ಎಲ್ಲ ಜೋಡಿಸಿದ್ದಳು. ನಡುಮನೆಯ ಮೇಜಿನ ಮೇಲೆ ಈಳಿಗೆಮಣೆ, ಗಂಡನ ಡ್ರಿಲ್ಲಿಂಗ್ ಮೆಷಿನ್, ಎರಡು ಲ್ಯಾಪ್‌ಟಾಪ್, ಜೊತೆಗೆ ಹಿಂದಿನ ಬೀದಿಯ ಗೆಳತಿ ರೋಜ್ ಬೆಳಿಗ್ಗೆಯೇ ಕೊಟ್ಟುಹೋಗಿದ್ದ ಕಾರಿನ ಕೀಲಿ. ಉಡುಪಿ ಕಡೆಯ ರೋಜ್ ಚರ್ಚಿಗೆ ಹೋಗುವವಳು. ಆದರೂ ಈ ಒಂದು ದಿನ ಅವಳ ಕಾರಿಗೆ ಕಲ್ಯಾಣಿಯ ಕುಂಕುಮ ಬೀಳಲೇಬೇಕು.

ಅಷ್ಟರಲ್ಲಿ ಪಿನ್ನರ್‌ನಿಂದ ಅಣ್ಣ ಬಂದ. ಕೈಯಲ್ಲಿ ಪೊಟ್ಟಣ!

"ಕಲ್ಯಾಣಿ, ಬಾ ಇಲ್ಲಿ. ನಮ್ಮ ಪೊಲೀಸಮ್ಮನಿಗೆ ಏನ್ ತಂದಿದೀನಿ ನೋಡು," ಎಂದು ಪೊಟ್ಟಣ ಬಿಚ್ಚಿದ. ಒಳಗೆ ಕಪ್ಪು ಹಿಡಿ, ಹಿಡಿಗೊಂದು ಬಟನ್. ಒತ್ತಿದ. ಟಕ್ಕೆಂದು ಅಲಗು ಹೊರಗೆ ಹಾರಿತು. ಕಲ್ಯಾಣಿ ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ, ಏನಣ್ಣ ಇದು! ಹಬ್ಬದ ದಿನ ರೌಡಿಗಳ ಥರ ಬಟನ್ ಚಾಕು ಹಿಡ್ಕೊಂಡು ಬಂದಿದೀಯ?"

"ರೌಡಿ ಅಲ್ಲ ಕಣೆ, ಪೊಲೀಸರದ್ದೇ. ಮೊನ್ನೆ ಮದುವೆಗೆ ಅಂತ ಟೆಕ್ಸಾಸ್‌ಗೆ ಹೋಗಿದ್ನಲ್ಲ, ಅಲ್ಲಿ ಕೊಂಡೆ. ಅಲ್ಲಿ ಪೊಲೀಸರೇ ಇದನ್ನ ಕೊಳ್ತಾರೆ ಅಂತ ಅಂಗಡಿಯವನು ಹೇಳಿದ. ಆಕ್ಸಿಡೆಂಟಲ್ಲಿ ಯಾರಾದ್ರೂ ಸೀಟ್ ಬೆಲ್ಟಲ್ಲಿ ಸಿಕ್ಕೊಂಡ್ರೆ ಒಂದೇ ಕೈಲಿ ತೆಗೆದು ಕತ್ತರಿಸಬಹುದು. ಪೂಜೆ ಮಾಡಿ ಕೊಡೋಣ, ನಾಳೆಯಿಂದ ಜೇಬಲ್ಲಿಟ್ಕೊಂಡು ಹೋಗ್ಲಿ."

"ಈ ದೇಶದಲ್ಲಿ ಅದೆಲ್ಲ ಇಟ್ಕೋಬಹುದಾ?"

"ಪೊಲೀಸರನ್ನ ಕೇಳೋರು ಯಾರೆ?" ಎಂದು ನಕ್ಕ ಅಣ್ಣ, ಚಾಕುವನ್ನು ದೇವಿಯ ಪಟದ ಮುಂದಿಟ್ಟು, ಅಲಗಿಗೆ ಕುಂಕುಮವನ್ನೂ ಹಚ್ಚಿಯೇಬಿಟ್ಟ. ಕಲ್ಯಾಣಿಗೆ ಮೈಯೆಲ್ಲ ಉರಿಯಿತು. ಅಣ್ಣನಿಗೆ ಓದು ಇದೆ, ದೊಡ್ಡ ಕೆಲಸವಿದೆ, ದೊಡ್ಡ ಮನೆಯಿದೆ. ಬೇರೆಯವರ ಮಾತು ಕೇಳುವ ಕಿವಿ ಮಾತ್ರ ಇಲ್ಲ.

ಪ್ರಸಾದಕ್ಕೆಂದು ರೋಜ್ ಬಂದದ್ದು ಆಗಲೇ. ಆಕೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ವಕೀಲೆ. ಮೇಜಿನ ಕಡೆ ನೋಡಿದವಳೇ ಅಲ್ಲೇ ನಿಂತಳು.

"ಇದೆಂತದು ಮಾರಾಯ್ರೆ? ಯಾರದ್ದಿದು?"

"ನಮ್ಮ ಸಿರಿಶಾಳದ್ದು," ಎಂದ ಉದಯಶಂಕರ್ ಹೆಮ್ಮೆಯಿಂದ.

"ಹಾಗೆ ಹೇಳ್ಬೇಡಿ ಶಂಕರಣ್ಣ! ಬಟನ್ ಒತ್ತಿದ್ರೆ ತನ್ನಷ್ಟಕ್ಕೆ ತೆರೆಯುವ ಚಾಕು ಇಲ್ಲಿ ಪೂರ್ತಿ ನಿಷೇಧ. ಹೊರಗಿಂದ ತರುವುದು ಅಪರಾಧ, ಮಾರುವುದು ಅಪರಾಧ, ಇನ್ನೊಬ್ಬರಿಗೆ ಕೊಡುವುದೂ ಅಪರಾಧ."

"ಬೀದೀಲಿ ಹಿಡ್ಕೊಂಡು ತಿರುಗಿದ್ರೆ ತಾನೇ?"

"ಅಲ್ಲ. 2021ರಿಂದ ಮನೆಯೊಳಗೆ ಇಟ್ಟುಕೊಳ್ಳುವ ಹಾಗೂ ಇಲ್ಲ. ಕಪಾಟಲ್ಲಿಟ್ರೂ ಅಷ್ಟೇ, ದೇವರ ಮುಂದೆ ಇಟ್ರೂ ಅಷ್ಟೇ."

"ಪೊಲೀಸರಿಗೂನಾ?"

"ಅವರಿಗೆ ಡ್ಯೂಟಿಗೆ ಬೇಕಾದ ಸಾಮಾನು ಇಲಾಖೆಯೇ ಕೊಡ್ತದೆ. ಮಾವ ಕೊಟ್ಟ ಬಟನ್ ಚಾಕು ಜೇಬಿಗೆ ಹಾಕ್ಕೊಂಡು ಹೋಗ್ಲಿಕ್ಕೆ ಯೂನಿಫಾರ್ಮ್ ಲೈಸೆನ್ಸ್ ಅಲ್ಲ. ಕಾನೂನು ಕಾಯುವವಳ ಹತ್ರವೇ ಇದು ಸಿಕ್ಕಿದ್ರೆ ಇನ್ನೂ ಕಷ್ಟ. ಕೆಲಸಕ್ಕೇ ಕುತ್ತು."

ಉದಯಶಂಕರ್ ಮುಖ ಸಪ್ಪಗಾಯಿತು. ಆದರೆ ಸೋಲೊಪ್ಪುವ ಜಾಯಮಾನ ಅವನದಲ್ಲ. ಮೇಜಿನ ಮೇಲಿದ್ದ ಈಳಿಗೆಮಣೆಯ ಕಡೆ ಕೈ ತೋರಿಸಿದ. "ಹಾಗಾದ್ರೆ ಅದೇನು? ಅದಕ್ಕೂ ಅಲಗಿಲ್ವಾ? ಅದನ್ನೂ ಪೊಲೀಸಿಗೆ ಕೊಡಿ ಮತ್ತೆ!"

"ಈಳಿಗೆಮಣೆ ಮನೆಯಲ್ಲಿ ತರಕಾರಿ ಹೆಚ್ಚಲಿಕ್ಕೆ. ಅದಕ್ಕೆ ಯಾರ ತಕರಾರೂ ಇಲ್ಲ," ಎಂದಳು ರೋಜ್. "ಅಡುಗೆಮನೆ ಚಾಕುವನ್ನೂ ಕಾರಣ ಇಲ್ಲದೆ ಬೀದಿಗೆ ಒಯ್ಯಬಾರದು. ಇದು ಹಾಗಲ್ಲ. ಇದು ಇರಲೇಬಾರದು."

"ಸರಿ ಬಿಡಿ. ನನ್ನದು ನಾನು ವಾಪಸ್ ತಗೊಂಡು ಹೋಗ್ತೀನಿ."

"ಕಾರಲ್ಲಿಟ್ಟುಕೊಂಡು ಪಿನ್ನರ್‌ವರೆಗೆ? ದಾರಿಯಲ್ಲಿ ಪೊಲೀಸರು ನಿಲ್ಲಿಸಿದ್ರೆ ಪೂಜೆ ಮಾಡಿಸಿದ ಚಾಕು ಅಂತ ಹೇಳ್ತೀರಾ?"

"ಹಾಗಾದ್ರೆ ಕಸದ ಡಬ್ಬಿಗೆ ಹಾಕಿ."

"ಯಾರಾದ್ರೂ ಮಕ್ಕಳ ಕೈಗೆ ಸಿಕ್ಕಿದ್ರೆ?"

ಕಲ್ಯಾಣಿ ತಲೆಯ ಮೇಲೆ ಕೈ ಹೊತ್ತು ಕೂತಳು. ಇಟ್ಟುಕೊಳ್ಳುವ ಹಾಗಿಲ್ಲ, ಒಯ್ಯುವ ಹಾಗಿಲ್ಲ, ಬಿಸಾಡುವ ಹಾಗಿಲ್ಲ. ಇಂಥ ಉಡುಗೊರೆಯನ್ನು ಹುಡುಕಿ ತರುವುದಕ್ಕೂ ಒಂದು ಪ್ರತಿಭೆ ಬೇಕು. ಅದು ಅವಳ ಅಣ್ಣನಿಗೆ ಧಾರಾಳವಾಗಿತ್ತು.

"ತುರ್ತಿಲ್ಲದ ವಿಷಯಕ್ಕೆ ಅಂತ ಇರುವ ಪೊಲೀಸರ 101 ನಂಬರಿಗೆ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿ. ಹೇಗೆ ಒಪ್ಪಿಸಬೇಕು ಅಂತ ಅವರೇ ಹೇಳ್ತಾರೆ," ಎಂದಳು ರೋಜ್.

"ನಾನು? ಪೊಲೀಸಿಗೆ? ನನ್ನ ಹೆಸರು ಹೇಳಿ?" ಉದಯಶಂಕರ್ ಎದ್ದುನಿಂತ. "ಪ್ರೀತಿಯಿಂದ ತಂದಿದ್ದಕ್ಕೆ ಒಳ್ಳೆ ಮರ್ಯಾದೆ! ಒಂದು ಕೆಲಸ ಮಾಡೋಣ. ಸಿರಿಶಾ ಬರೋದ್ರೊಳಗೆ ಎಲ್ಲಾದ್ರೂ ಒಳಗಿಟ್ಟುಬಿಡೋಣ. ಅವಳಿಗೆ ಗೊತ್ತೇ ಆಗಲ್ಲ."

ಆಗ ಕಲ್ಯಾಣಿಯ ತಾಳ್ಮೆ ಕೆಟ್ಟಿತು.

"ಸಾಕು ಮಾಡಣ್ಣ! ಒಳಗಿಟ್ರೆ ಅವಳು ಅಪರಾಧ ನಡೆದಿರೋ ಮನೇಲೇ ಮಲಗಿ ಎದ್ದು ಡ್ಯೂಟಿಗೆ ಹೋಗ್ಬೇಕು. ನಾಳೆ ಅವಳ ಕಣ್ಣಿಗೆ ಬಿತ್ತು ಅಂತಿಟ್ಕೋ. ಅವಳು ಏನ್ ಮಾಡ್ಬೇಕು? ಸುಮ್ನಿದ್ರೆ ಅವಳ ಕೆಲಸ ಹೋಗುತ್ತೆ. ಬಾಯಿಬಿಟ್ರೆ ಎತ್ತಿ ಆಡಿಸಿದ ಮಾಮನ್ನ ಅವಳೇ ಹಿಡಿದುಕೊಡ್ಬೇಕು. ಇದೇನಾ ನೀನು ಅವಳಿಗೆ ಕೊಡೋ ಉಡುಗೊರೆ?"

ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿಬಂತು. ಬ್ಯಾಂಕ್ ಕೆಲಸ ಬಿಡಬೇಡವೆಂದು ಮಗಳ ಜೊತೆ ತಿಂಗಳುಗಟ್ಟಲೆ ಜಗಳವಾಡಿದ್ದಳು ಅವಳು. ಕೊನೆಗೆ ಯೂನಿಫಾರ್ಮಿನಲ್ಲಿ ನಿಂತ ಮಗಳನ್ನು ನೋಡಿ ಎಲ್ಲ ಮರೆತಿದ್ದಳು. ಅದೆಲ್ಲ ಒಂದು ಬಟನ್ ಚಾಕುವಿಗೆ ಹಾಳಾಗುವುದೇ?

ಉದಯಶಂಕರ್ ಅಲಗು ಮಡಚಿ ಪೊಟ್ಟಣದೊಳಗಿಟ್ಟು, ಫೋನ್ ತೆಗೆದು 101 ಒತ್ತಿದ.

ಅತ್ತ ಕಡೆ ಕಾಯಿಸುವ ಸಂಗೀತ ಶುರುವಾಯಿತು, ನಿಲ್ಲುವ ಲಕ್ಷಣ ಕಾಣಲಿಲ್ಲ. ಅವನು ಫೋನ್ ಕಿವಿಗೆ ಒತ್ತಿಕೊಂಡೇ ಇದ್ದಾಗ ಸಿರಿಶಾ ಬಾಗಿಲು ತೆಗೆದು ಒಳಬಂದಳು.

"ಮಾಮ, ಎಲ್ಲಾ ಯಾಕೆ ಹೀಗೆ ಕೂತಿದೀರ?"

"ನಿಂಗೆ ಅಂತ ಒಂದು ಬಟನ್ ಚಾಕು ತಂದೆ ಪುಟ್ಟಿ," ಎಂದ ಅವನು, ತಲೆ ಎತ್ತದೆ. "ಕಾನೂನು ಗೊತ್ತಿರ್ಲಿಲ್ಲ. ಕೇಳ್ಲೂ ಇಲ್ಲ. ಆ ಪೊಟ್ಟಣದಲ್ಲಿದೆ. 101ಗೆ ಹೇಳೋಕೆ ಕಾಯ್ತಿದೀನಿ."

ಸಿರಿಶಾ ಪೊಟ್ಟಣವನ್ನು ಮುಟ್ಟಲಿಲ್ಲ. ಮಾವನ ಪಕ್ಕದಲ್ಲಿ ಬಂದು ಕೂತಳು.

"ಫೋನ್ ಇಡಬೇಡ ಮಾಮ. ಎಷ್ಟೊತ್ತಾದ್ರೂ ಕಾಯೋಣ." ಆಮೇಲೆ ಮೆಲ್ಲಗೆ ಹೇಳಿದಳು: "ಹೋದ ವಾರ ಇಂಥದ್ದೇ ಒಂದನ್ನ ಒಬ್ಬ ಸ್ಕೂಲ್ ಹುಡುಗನ ಬ್ಯಾಗಿಂದ ತೆಗೆದ್ವಿ. ಯಾರು ಕೊಟ್ಟಿದ್ದು ಅಂತ ಕೇಳಿದ್ರೆ, ಬರ್ತ್‌ಡೇಗೆ ನಮ್ಮ ಅಂಕಲ್ ಕೊಟ್ಟಿದ್ದು ಅಂದ. ಆ ಅಂಕಲ್ ಮನೆ ಬಾಗಿಲು ತಟ್ಟಿದ್ದು ನಾನೇ."

ಉದಯಶಂಕರ್ ಕಿವಿಯಿಂದ ಫೋನ್ ತೆಗೆಯಲಿಲ್ಲ. ಖಾಲಿಯಿದ್ದ ಕೈಯಿಂದ ಸೋದರಸೊಸೆಯ ಕೈ ಹಿಡಿದುಕೊಂಡ.

ಕೊನೆಗೂ ಒಬ್ಬಾಕೆ ಮಾತಾಡಿದಳು. ಅವನು ಹೆಸರು ಹೇಳಿದ, ಎಲ್ಲಿ ಕೊಂಡದ್ದು, ಯಾರಿಗೆಂದು ತಂದದ್ದು, ಒಂದನ್ನೂ ಮುಚ್ಚಿಡಲಿಲ್ಲ. ಚಾಕುವನ್ನು ಎಲ್ಲಿಗೂ ಒಯ್ಯಬೇಡಿ, ಸುತ್ತಿಟ್ಟಿರಿ, ನಾವೇ ಬರುತ್ತೇವೆ ಎಂದಳು ಆಕೆ. ಸಂಜೆ ಇಬ್ಬರು ಪೊಲೀಸರು ಬಂದರು, ಪ್ರಶ್ನೆ ಕೇಳಿದರು, ಚಾಕು ತೆಗೆದುಕೊಂಡರು. ಮುಂದೇನಾದರೂ ಇದ್ದರೆ ತಿಳಿಸುತ್ತೇವೆ ಎಂದು ಹೋದರು. ಅವರು ಹೋಗುವವರೆಗೂ ಉದಯಶಂಕರ್ ಕುರ್ಚಿಯಲ್ಲಿ ಬೆನ್ನು ಆನಿಸಲಿಲ್ಲ.

ಮೇಜಿನ ಮೇಲೆ ಚಾಕು ಇದ್ದ ಜಾಗ ಖಾಲಿಯಾಗಿತ್ತು. ಸಿರಿಶಾ ತನ್ನ ಟಾರ್ಚ್ ತಂದು ಅಲ್ಲಿಟ್ಟಳು. "ಮಾಮ, ನಂಗೆ ದಿನಾ ಬೇಕಾಗೋದು ಇದು. ಕುಂಕುಮ ನೀನೇ ಇಡು."

ಅವನು ಇಟ್ಟ. ಕಲ್ಯಾಣಿ ಆರತಿ ಹಚ್ಚಿದಳು. ಆದರೂ ಬಾಯಿ ಸುಮ್ಮನಿರಬೇಕಲ್ಲ: "ಮುಂದಿನ ವರ್ಷ ಬರೀ ಹೂವು ತಗೊಂಡು ಬಾರಣ್ಣ, ನಿನ್ನ ದಮ್ಮಯ್ಯ!"

ಓದುತ್ತಿರುವ ಅಣ್ಣಂದಿರೆ, ಅಕ್ಕಂದಿರೆ, ಒಂದು ಸಲ ನಿಮ್ಮ ಕಪಾಟನ್ನೂ ತೆಗೆದು ನೋಡಿ. ಪ್ರವಾಸಕ್ಕೆ ಹೋದಾಗ ಚೆಂದ ಕಂಡಿತೆಂದು ಕೊಂಡು ತಂದದ್ದು, ಯಾರೋ ಪ್ರೀತಿಯಿಂದ ಕೊಟ್ಟದ್ದು, ಬಟನ್ ಒತ್ತಿದರೆ ತಾನೇ ತೆರೆಯುವ ಚಾಕು ಒಂದು ಮೂಲೆಯಲ್ಲಿ ಬಿದ್ದಿದೆಯೇ? ಬೇರೆ ದೇಶದಲ್ಲಿ ಸರಿಯಿದ್ದದ್ದು ಇಲ್ಲಿ ಸರಿಯಲ್ಲ. ಮನೆಯೊಳಗಿದ್ದರೂ ಅಪರಾಧ, ಕೊಟ್ಟರೂ ಅಪರಾಧ, ಪೊಲೀಸರಿಗೆಂದು ತಂದರೂ ಅಪರಾಧವೇ. ಅದನ್ನು ಜೇಬಿಗೆ ಹಾಕಿಕೊಂಡು ಹೊರಡಬೇಡಿ, ಕಸಕ್ಕೂ ಎಸೆಯಬೇಡಿ. 101ಕ್ಕೆ ಫೋನ್ ಮಾಡಿ, ಅವರು ಹೇಳಿದಂತೆ ಒಪ್ಪಿಸಿ. ಕಾಯುವಾಗ ಸಂಗೀತ ಬೇಸರ ತರಿಸುತ್ತದೆ, ನಿಜ. ಬಾಗಿಲು ತಟ್ಟುವ ಸದ್ದಿಗಿಂತ ಅದು ಎಷ್ಟೋ ವಾಸಿ.